ಬಿಗಿದ ಸ್ಪ್ರಿಂಗಿನ ಎದುರು



ಒಮ್ಮೆಗೇ ಮುರಿದುಬೀಳುವ ವಸ್ತು ನಮ್ಮ ಗಮನವನ್ನು ತಾನಾಗಿಯೇ ಸೆಳೆಯುತ್ತದೆ. ದಿನಕ್ಕಿಷ್ಟು ಎಂದು ಸವೆಯುವ ವಸ್ತು ಹಾಗಲ್ಲ. ಚಪ್ಪಲಿಯ ಹಿಮ್ಮಡಿ ಒಂದು ಬದಿಗೆ ತೇದುಹೋಗಿತ್ತೆಂದು ನಮಗೆ ತಿಳಿಯುವುದು ಹೊಸ ಜೋಡಿಯನ್ನು ಮೆಟ್ಟಿದ ದಿನ. ಕನ್ನಡಕದ ಗಾಜು ಮಸುಕಾಗಿತ್ತೆಂದು ಅರಿವಾಗುವುದು ಅದನ್ನು ಬದಲಿಸಿದ ಮೇಲೆ. ನಮ್ಮ ಕಣ್ಣು, ಕಿವಿ, ಮೈ ಎಲ್ಲವೂ ಇರುವುದರೊಂದಿಗೆ ಹೊಂದಿಕೊಳ್ಳುವುದರಲ್ಲಿ ಬಹಳ ನಿಪುಣವಾದವು. ಆ ನೈಪುಣ್ಯವೇ ಕೆಲವೊಮ್ಮೆ ನಮ್ಮನ್ನು ಅಪಾಯದ ಅಂಚಿಗೆ ತಂದು ನಿಲ್ಲಿಸುತ್ತದೆ.

ಮನೆಯ ಮುಂದೆ ನಿಂತಿರುವ ಕಾರನ್ನೇ ನೋಡಿ. ಟಯರು ಪಂಕ್ಚರ್ ಆದರೆ ಬೇಗನೆ ತಿಳಿಯುತ್ತದೆ. ಬ್ಯಾಟರಿ ಬರಿದಾದರೆ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ತಿಳಿಯುತ್ತದೆ. ಆದರೆ ಮುಂದಿನ ಎರಡು ಚಕ್ರಗಳ ಒಳಬದಿಯಲ್ಲಿ ಕಂಬದಂತೆ ನಿಂತು ಬಂಡಿಯ ಮುಂಭಾಗದ ಭಾರವನ್ನು ಹೊರುವ ‘ಸ್ಟ್ರಟ್’ ಎಂಬ ಭಾಗ ಸತ್ತೆನೆಂದು ಯಾವ ದಿನವೂ ಕೂಗಿ ಹೇಳುವುದಿಲ್ಲ. ವರ್ಷಗಟ್ಟಲೆ ಹಳ್ಳಕೊಳ್ಳಗಳನ್ನು ನುಂಗುತ್ತ, ಸ್ವಲ್ಪಸ್ವಲ್ಪವಾಗಿ ಶಕ್ತಿಗುಂದುತ್ತದೆ. ಚಾಲಕನು ತನಗರಿವಿಲ್ಲದೆಯೇ ಅದಕ್ಕೆ ಹೊಂದಿಕೊಳ್ಳುತ್ತಾನೆ. ಹಂಪ್ ಕಂಡಾಗ ಮೊದಲಿಗಿಂತ ಹೆಚ್ಚು ನಿಧಾನಿಸುತ್ತಾನೆ, ತಿರುವಿನಲ್ಲಿ ಸ್ಟಿಯರಿಂಗನ್ನು ಮೊದಲಿಗಿಂತ ಬಿಗಿಯಾಗಿ ಹಿಡಿಯುತ್ತಾನೆ.

ನಮ್ಮ ಮನೆಯಲ್ಲಿ ಇದನ್ನು ಮೊದಲು ಗುರುತಿಸಿದವರು ಎಪ್ಪತ್ತೆಂಟು ವರ್ಷದ ನನ್ನ ತಾಯಿ. ನಾಲ್ಕು ತಿಂಗಳು ನನ್ನ ತಂಗಿಯ ಮನೆಯಲ್ಲಿದ್ದು, ಸಕಲೇಶಪುರದಿಂದ ಹಾಸನಕ್ಕೆ ನಮ್ಮ ಸಣ್ಣ ಕಾರಿನಲ್ಲಿ ಮರಳುತ್ತಿದ್ದರು. ಸುಮಾರು 40 ಕಿಲೋಮೀಟರ್ ದಾರಿ. ನನ್ನ ಪಕ್ಕದ ಸೀಟಿನಲ್ಲಿ ಕುಳಿತಿದ್ದ ಅವರು ಅರ್ಧ ದಾರಿಯಲ್ಲಿ, “ಏನಪ್ಪಾ ಇದು, ಹಂಪ್ ಬಂದಾಗಲೆಲ್ಲ ಗಾಡಿ ಹೀಗೆ ಕುಕ್ಕುತ್ತದಲ್ಲ? ಮೊದಲು ಹೀಗಿರಲಿಲ್ಲ. ಬೆನ್ನೆಲ್ಲ ನೋವು ಬಂತು” ಎಂದರು. ದಿನವೂ ಅದೇ ಕಾರಿನಲ್ಲಿ ಓಡಾಡುವವರಿಗೆ ಕಾಣದ ವ್ಯತ್ಯಾಸ ನಾಲ್ಕು ತಿಂಗಳ ಬಳಿಕ ಹತ್ತಿದವರಿಗೆ ಒಡನೆಯೇ ಕಂಡಿತು. ಕಾರು 2012ರದು, ಒಂದು ಲಕ್ಷ ಕಿಲೋಮೀಟರ್ ದಾಟಿತ್ತು. ಅಷ್ಟು ದುಡಿದ ಮೇಲೆ ಸವೆಯುವುದು ಸಹಜವೇ ಹೊರತು ಯಾರ ದೋಷವೂ ಅಲ್ಲ.

ಈ ಸ್ಟ್ರಟ್ ಎಂದರೇನು? ಗ್ಯಾರೇಜುಗಳಲ್ಲಿ ಇದನ್ನು ‘ಮುಂದಿನ ಶಾಕ್ ಅಬ್ಸಾರ್ಬರ್’ ಎಂದೇ ಕರೆಯುವುದು ವಾಡಿಕೆ. ಅದರಲ್ಲಿ ಎರಡು ಕೆಲಸಗಾರರು ಒಂದೇ ಕಂಬದಲ್ಲಿ ಕೂಡಿ ದುಡಿಯುತ್ತಾರೆ. ಹೊರಗೆ ಸುತ್ತಿಕೊಂಡಿರುವ ದಪ್ಪ ಸ್ಪ್ರಿಂಗು ಭಾರವನ್ನು ಹೊರುತ್ತದೆ. ಒಳಗಿರುವ ಎಣ್ಣೆ ತುಂಬಿದ ಕೊಳವೆ ಆ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಚಕ್ರ ಗುಂಡಿಗೆ ಇಳಿದು ಮೇಲೆ ಬಂದಾಗ ಸ್ಪ್ರಿಂಗು ಕುಗ್ಗಿ ಹಿಗ್ಗುತ್ತದೆ. ತಡೆಯುವವರಿಲ್ಲದಿದ್ದರೆ ಅದು ಹಲವು ಬಾರಿ ಕುಪ್ಪಳಿಸುತ್ತಲೇ ಇರುತ್ತದೆ. ಕೊಳವೆಯೊಳಗಿನ ಕೊಂತವು ಎಣ್ಣೆಯನ್ನು ಸಣ್ಣಸಣ್ಣ ರಂಧ್ರಗಳ ಮೂಲಕ ನುಗ್ಗುವಂತೆ ಒತ್ತುತ್ತದೆ. ಕುಪ್ಪಳಿಸುವ ಶಕ್ತಿಯೆಲ್ಲ ಎಣ್ಣೆಯ ಬಿಸಿಯಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ. ಒಬ್ಬನು ಹೊರುವವನು, ಇನ್ನೊಬ್ಬನು ಸಮಾಧಾನಪಡಿಸುವವನು. ಈ ಎರಡನೆಯವನು ಸೋತಾಗ ಚಕ್ರವು ರಸ್ತೆಯನ್ನು ಬಿಟ್ಟು ಕ್ಷಣಕ್ಷಣಕ್ಕೂ ನೆಗೆಯುತ್ತದೆ. ನೆಲವನ್ನು ಮುಟ್ಟದ ಚಕ್ರಕ್ಕೆ ಬ್ರೇಕ್ ಹಾಕಿ ಪ್ರಯೋಜನವೇನು? ಆದುದರಿಂದ ಇದು ಬೆನ್ನುನೋವಿನ ಪ್ರಶ್ನೆ ಮಾತ್ರವಲ್ಲ. ಎದುರಿಗೆ ಮಗುವೊಂದು ಅಡ್ಡ ಬಂದಾಗ ಕಾರು ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಯೂ ಹೌದು.

ಇಂದು ಬಹುತೇಕ ಸಣ್ಣ ಕಾರುಗಳಲ್ಲಿ ಕಾಣುವ ಈ ರಚನೆಗೆ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಅವರ ಹೆಸರಿದೆ. ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಅಗ್ಗದ ಸಣ್ಣ ಕಾರೊಂದನ್ನು ರೂಪಿಸುವ ಯೋಜನೆಯಲ್ಲಿ ಅವರು ದುಡಿದರು. ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ಅವರು ಫೋರ್ಡ್ ಕಂಪನಿಗೆ ಸೇರಿದರು. 1950ರಲ್ಲಿ ಬ್ರಿಟನ್ನಿನಲ್ಲಿ ಪ್ರದರ್ಶಿತವಾದ ಫೋರ್ಡ್ ಕಾನ್ಸುಲ್ ಮತ್ತು ಜೆಫಿರ್ ಕಾರುಗಳು ಈ ರಚನೆಯನ್ನು ಹೊತ್ತು ಬಂದವು. ನಮ್ಮ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಮುಂಭಾಗದ ರಚನೆ ಬೇರೆ ಬಗೆಯದಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮ್ಯಾಕ್‌ಫರ್ಸನ್ನರ ಸ್ಟ್ರಟ್ ಭಾರತದ ಮಧ್ಯಮವರ್ಗದ ಮನೆಯಂಗಳಕ್ಕೆ ಕಾಲಿಟ್ಟಿತು. ಕಡಿಮೆ ಭಾಗಗಳು, ಕಡಿಮೆ ಸ್ಥಳ, ಕಡಿಮೆ ಖರ್ಚು. ಇದೇ ಅದರ ಹಿರಿಮೆ. ಭಾಗಗಳು ಕಡಿಮೆಯಾದುದರಿಂದಲೇ ತಾಳ್ಮೆಯಿರುವ ಗೃಹಸ್ಥನೊಬ್ಬ ಇದನ್ನು ಮನೆಯಲ್ಲಿಯೇ ಬದಲಿಸಲು ಧೈರ್ಯ ಮಾಡಬಹುದು.

ನನ್ನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಅಜ್ಜಿಯ ಮಾತು ಕೇಳಿದ ಸಂಜೆಯೇ ಮುಂದಿನ ಚಕ್ರವನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಟಾರ್ಚ್ ಹಿಡಿದು ಒಳಗೆ ಇಣುಕಿದನು. ಕೊಳವೆಯ ಮೈಮೇಲೆ ಎಣ್ಣೆ ಇಳಿದು, ಅದಕ್ಕೆ ಧೂಳು ಮೆತ್ತಿ, ಕಪ್ಪು ಪದರವಾಗಿತ್ತು. ಟಯರಿನ ಮೇಲೆ ಕೈಯಾಡಿಸಿದರೆ ಅಲೆಅಲೆಯಾಗಿ ಸವೆದಿರುವುದು ಬೆರಳಿಗೆ ತಾಗುತ್ತಿತ್ತು. ಬ್ರೇಕ್ ಒತ್ತಿದಾಗ ಕಾರಿನ ಮೂತಿ ಅತಿಯಾಗಿ ಕೆಳಗೆ ಬಾಗುವುದು, ಒರಟು ರಸ್ತೆಯಲ್ಲಿ ಟಕಟಕ ಸದ್ದು ಬರುವುದು, ಬಾನೆಟ್ಟನ್ನು ಒತ್ತಿ ಬಿಟ್ಟಾಗ ಒಂದೆರಡು ಸಲಕ್ಕಿಂತ ಹೆಚ್ಚು ತೂಗಾಡುವುದು, ಇವೂ ಲಕ್ಷಣಗಳೇ. ಒಂದೇ ಲಕ್ಷಣವನ್ನು ಹಿಡಿದು ತೀರ್ಮಾನಿಸಬಾರದು. ಎರಡು ಮೂರು ಕೂಡಿದಾಗ ಸಂಶಯಕ್ಕೆ ಎಡೆಯಿಲ್ಲ.

“ಅಪ್ಪ, ಇದನ್ನು ನಾವೇ ಮಾಡೋಣ” ಎಂದನು ಮಗ. ನಾನು ಒಪ್ಪಿದೆ. ಹಣ ಉಳಿಯುತ್ತದೆಂಬುದು ಒಂದು ಕಾರಣ. ಪುಸ್ತಕದಲ್ಲಿ ಓದಿದ್ದನ್ನು ಅವನು ಕೈಯಿಂದ ಮುಟ್ಟಿ ಕಲಿಯಲಿ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಆದರೆ ಒಂದು ಕರಾರು ಹಾಕಿದೆ: ಯಾವ ಹಂತದಲ್ಲಿ ಇಬ್ಬರಲ್ಲಿ ಒಬ್ಬರು ‘ಸಾಕು’ ಎಂದರೂ ಕೆಲಸ ಅಲ್ಲಿಗೇ ನಿಲ್ಲಬೇಕು.

ಹೊಸ ಸ್ಟ್ರಟ್‌ಗಳನ್ನು ಯಾವಾಗಲೂ ಜೊತೆಯಾಗಿಯೇ ಕೊಳ್ಳಬೇಕು. ಒಂದು ಬದಿಯದು ಹೊಸದು, ಇನ್ನೊಂದು ಬದಿಯದು ಹಳೆಯದಾದರೆ ಕಾರು ಎರಡು ಕಾಲಿನಲ್ಲಿ ಎರಡು ಬಗೆಯಾಗಿ ನಡೆಯುತ್ತದೆ. ಎಡ ಬಲಗಳಿಗೆ ಬೇರೆ ಬೇರೆ ಭಾಗಗಳಿರುವುದುಂಟು. ಗುರುತನ್ನು ಓದಿ ತರಬೇಕು. ಮೇಲ್ತುದಿಯ ರಬ್ಬರ್ ಮೌಂಟು, ಅದರೊಳಗಿನ ಬೇರಿಂಗು, ಬಂಪ್ ಸ್ಟಾಪರು, ಧೂಳು ತಡೆಯುವ ರಬ್ಬರ್ ಹೊದಿಕೆ, ಇವುಗಳನ್ನೂ ಅದೇ ಸಮಯದಲ್ಲಿ ಬದಲಿಸುವುದು ಜಾಣತನ. ಬಿಚ್ಚುವ ಶ್ರಮ ಒಂದೇ ತಾನೇ? ನಕಲಿ ಭಾಗಗಳ ಹಾವಳಿ ಇರುವುದರಿಂದ ಬಿಲ್ಲು ಕೊಡುವ ಅಂಗಡಿಯಲ್ಲಿಯೇ ಕೊಂಡೆವು.

ಶುಕ್ರವಾರ ರಾತ್ರಿಯೇ ತುಕ್ಕು ಹಿಡಿದ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ನೆನೆಯಲು ಬಿಟ್ಟೆವು. ಶನಿವಾರ ಬೆಳಿಗ್ಗೆ ಕಾರನ್ನು ಸಿಮೆಂಟ್ ನೆಲದ ಮೇಲೆ ತಂದು ನಿಲ್ಲಿಸಿದೆವು. ಮಣ್ಣಿನ ಅಂಗಳದಲ್ಲಿ ಜಾಕ್ ಹೂತುಹೋಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ತುಂಡುಗಳನ್ನು ಒತ್ತುಕೊಟ್ಟೆವು. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ತುಸು ಸಡಿಲಿಸಿ, ಬಳಿಕ ಮುಂಭಾಗವನ್ನು ಎತ್ತಿದೆವು.

ಓದುಗರೇ, ಈ ಹಂತದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾರಿನೊಂದಿಗೆ ಬರುವ ಜಾಕ್ ಸ್ಟೆಪ್ನಿ ಬದಲಿಸಲು ಇರುವ ಸಾಧನ. ಅದನ್ನೊಂದನ್ನೇ ನಂಬಿ ಕಾರಿನಡಿಗೆ ತಲೆಯಾಗಲಿ ಕೈಯಾಗಲಿ ಹಾಕಬಾರದು. ಇಟ್ಟಿಗೆಯನ್ನೋ ಪೊಳ್ಳಾದ ಸಿಮೆಂಟ್ ಬ್ಲಾಕನ್ನೋ ಆನಿಕೆ ಕೊಡುವ ಅಭ್ಯಾಸ ನಮ್ಮಲ್ಲಿದೆ. ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ, ತಯಾರಕರು ಸೂಚಿಸಿದ ಜಾಗದಲ್ಲಿಯೇ ಕಾರನ್ನು ಕೂರಿಸಬೇಕು. ನಾವು ಹಾಗೆ ಮಾಡಿ, ಕಳಚಿದ ಚಕ್ರಗಳನ್ನೂ ಕಾರಿನ ಅಡಿಗೆ ಮಲಗಿಸಿದೆವು. ಸ್ಟ್ಯಾಂಡು ಜಾರಿದರೂ ಚಕ್ರ ತಡೆಯುತ್ತದೆ.

ಮುಂದಿನದು ತಾಳ್ಮೆಯ ಕೆಲಸ. ಸ್ಟ್ರಟ್‌ಗೆ ಕಟ್ಟಿಕೊಂಡಿರುವ ಬ್ರೇಕ್ ಎಣ್ಣೆಯ ರಬ್ಬರ್ ಕೊಳವೆಯನ್ನು ಅದರ ಹಿಡಿಕೆಯಿಂದ ಬಿಡಿಸಬೇಕು. ಹೊಸ ಕಾರುಗಳಲ್ಲಿ ಎಬಿಎಸ್ ತಂತಿಯೂ ಅಲ್ಲಿಯೇ ಇರುತ್ತದೆ. ಸ್ಟ್ರಟ್‌ನ ಕೆಳತುದಿಯನ್ನು ಚಕ್ರದ ಗೆಣ್ಣಿಗೆ, ಅಂದರೆ ನಕಲ್‌ಗೆ, ಎರಡು ದಪ್ಪ ಬೋಲ್ಟುಗಳು ಬಿಗಿದಿರುತ್ತವೆ. ಅವನ್ನು ಬಿಚ್ಚುವ ಮೊದಲು ಅವು ಕುಳಿತಿದ್ದ ಸ್ಥಾನಕ್ಕೆ ಬಿಳಿಯ ಬಣ್ಣದಿಂದ ಗುರುತು ಮಾಡಿಕೊಂಡೆವು. ಬೋಲ್ಟುಗಳು ಹೊರಬಂದಾಗ ನಕಲ್ ಹೊರಕ್ಕೆ ವಾಲುತ್ತದೆ. ಅದನ್ನು ಹಾಗೆಯೇ ಜೋತುಬೀಳಲು ಬಿಟ್ಟರೆ ಬ್ರೇಕ್ ಕೊಳವೆ ಜಗ್ಗಿ ಹಾಳಾಗಬಹುದು. ಚಕ್ರಕ್ಕೆ ಶಕ್ತಿ ತರುವ ಆ್ಯಕ್ಸಲಿನ ಒಳಗಿನ ಕೀಲೂ ಕಳಚಬಹುದು. ಆದುದರಿಂದ ಅದನ್ನು ಗಟ್ಟಿ ತಂತಿಯಿಂದ ಎಳೆದು ಕಟ್ಟಿದೆವು. ಕೊನೆಗೆ ಮಗ ಸ್ಟ್ರಟ್ಟನ್ನು ಕೆಳಗಿನಿಂದ ಹಿಡಿದುಕೊಂಡನು. ನಾನು ಬಾನೆಟ್ಟಿನೊಳಗೆ ಅದರ ಮೇಲ್ತುದಿಯ ಸುತ್ತಲಿನ ನಟ್ಟುಗಳನ್ನು ಬಿಚ್ಚಿದೆ. ನಡುವಿನ ದೊಡ್ಡ ನಟ್ಟನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಮುಟ್ಟಬಾರದು.

ಮಧ್ಯಾಹ್ನದ ಹೊತ್ತಿಗೆ ಎರಡೂ ಹಳೆಯ ಸ್ಟ್ರಟ್‌ಗಳು ಜಗಲಿಯ ಮೇಲೆ ಮಲಗಿದ್ದವು. ಅವುಗಳ ಸ್ಪ್ರಿಂಗನ್ನು ತೆಗೆದು ಹೊಸ ಕೊಳವೆಗೆ ತೊಡಿಸಬೇಕು. ನಿಜವಾದ ಪರೀಕ್ಷೆ ಇಲ್ಲಿ ಎದುರಾಯಿತು.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು. ಸ್ಪ್ರಿಂಗನ್ನು ಎಷ್ಟು ಒತ್ತುತ್ತೇವೆಯೋ ಅಷ್ಟೇ ಪ್ರಮಾಣದಲ್ಲಿ ಅದು ತಿರುಗಿ ಒತ್ತುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದರು. ಸಣ್ಣ ಕಾರಿನ ಮುಂದಿನ ಒಂದೊಂದು ಸ್ಪ್ರಿಂಗೂ ಸುಮಾರು 200 ಕಿಲೋಗ್ರಾಂ ಭಾರ ಹೊರುತ್ತದೆ. ಆ ಭಾರಕ್ಕೆ ಅದು 10 ಸೆಂಟಿಮೀಟರ್ ಕುಗ್ಗುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಆಗ ಅದರಲ್ಲಿ ಅಡಗುವ ಶಕ್ತಿ, 10 ಕಿಲೋಗ್ರಾಂ ಕಲ್ಲು ಒಂದು ಮೀಟರ್ ಎತ್ತರದಿಂದ ಬೀಳುವ ಶಕ್ತಿಗೆ ಸಮ. ಇನ್ನೂ ಒತ್ತಿ 20 ಸೆಂಟಿಮೀಟರ್ ಕುಗ್ಗಿಸಿದರೆ ಆ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಅದೇ ಕಲ್ಲು ನಾಲ್ಕು ಮೀಟರ್ ಎತ್ತರದಿಂದ ಬಿದ್ದಂತೆ. ಕಾರಿನಿಂದ ಹೊರತೆಗೆದ ಮೇಲೂ ಸ್ಪ್ರಿಂಗು ತನ್ನ ಪೂರ್ಣ ಉದ್ದಕ್ಕೆ ಹಿಗ್ಗಿರುವುದಿಲ್ಲ. ಆ ನಡುವಿನ ನಟ್ಟು ಅದನ್ನು ಹಿಡಿದಿಟ್ಟಿರುತ್ತದೆ. ಸ್ಪ್ರಿಂಗನ್ನು ಮೊದಲು ಬೇರೆ ಸಾಧನದಿಂದ ಒತ್ತಿ ಹಿಡಿಯದೆ ಆ ನಟ್ಟನ್ನು ಬಿಚ್ಚಿದವನ ಮುಖಕ್ಕೆ ಅದು ಗುಂಡಿನಂತೆ ಎರಗುತ್ತದೆ.

ಮಗನು ಗೆಳೆಯನಿಂದ ಸ್ಪ್ರಿಂಗ್ ಕಂಪ್ರೆಸರ್ ಎಂಬ ಸಾಧನವನ್ನು ಕೇಳಿ ತಂದಿದ್ದನು. ಉದ್ದನೆಯ ಎರಡು ತಿರುಪುಗಳು. ಪ್ರತಿಯೊಂದಕ್ಕೂ ಎರಡು ಕೊಕ್ಕೆಗಳು. ಸ್ಪ್ರಿಂಗಿನ ಎದುರುಬದುರು ಸಿಕ್ಕಿಸಿ, ಒಂದನ್ನು ತುಸು, ಇನ್ನೊಂದನ್ನು ತುಸು ಎಂದು ಸರದಿಯಂತೆ ಬಿಗಿಯಬೇಕು. ಕೈಗೆ ತೆಗೆದುಕೊಂಡು ನೋಡಿದೆ. ಒಂದು ತಿರುಪಿನ ಎಳೆಗಳು ಸವೆದಿದ್ದವು. ಒಂದು ಕೊಕ್ಕೆಯ ತುದಿ ದುಂಡಗಾಗಿತ್ತು.

“ಇದು ಬೇಡ ಮಗ” ಎಂದೆ.

“ನಿಧಾನವಾಗಿ ಬಿಗಿದರೆ ಏನೂ ಆಗಲ್ಲ ಅಪ್ಪ. ಇಷ್ಟೆಲ್ಲ ನಾವೇ ಮಾಡಿ, ಈ ಒಂದಕ್ಕೆ ಗ್ಯಾರೇಜಿಗೆ ಹೋಗೋದಾ?”

ಅವನ ಮಾತಿನಲ್ಲಿ ಸೋಮಾರಿತನವಿರಲಿಲ್ಲ; ಹಿಡಿದ ಕೆಲಸವನ್ನು ಮುಗಿಸಬೇಕೆಂಬ ಛಲವಿತ್ತು. ಒಳ್ಳೆಯ ಗುಣವನ್ನು ತಡೆಯುವುದು ಕೆಟ್ಟ ಗುಣವನ್ನು ತಡೆಯುವುದಕ್ಕಿಂತ ಕಷ್ಟ. ನಾನು ಬೆಳಗಿನ ಕರಾರನ್ನು ನೆನಪಿಸಿ, “ಸಾಕು” ಎಂದೆ. ಅವನು ಸ್ವಲ್ಪ ಹೊತ್ತು ಮಾತನಾಡದೆ ನಿಂತಿದ್ದು, ಬಳಿಕ ತಾನೇ ಎರಡೂ ಸ್ಟ್ರಟ್‌ಗಳನ್ನು ಗೋಣಿಚೀಲಕ್ಕೆ ತುಂಬಿದನು. ಹೊಸ ಭಾಗಗಳನ್ನೂ ಜೊತೆಗಿಟ್ಟುಕೊಂಡು ಸ್ಕೂಟರಿನಲ್ಲಿ ಹೊರಟೆವು.

ಗ್ಯಾರೇಜಿನ ಮೇಸ್ತ್ರಿ ಚೀಲ ಬಿಚ್ಚಿ ನೋಡಿದರು. “ನಟ್ಟು ಮುಟ್ಟಿಲ್ಲ ತಾನೇ ಮೇಷ್ಟ್ರೇ? ಸದ್ಯ!” ಎಂದರು. ಅವರ ಬಳಿ ನೆಲಕ್ಕೆ ಬಿಗಿದ, ಹಿಡಿಕೆ ತಿರುಗಿಸುವ ಗಟ್ಟಿಮುಟ್ಟಾದ ಸಾಧನವಿತ್ತು. ಅಷ್ಟಿದ್ದರೂ ಸ್ಪ್ರಿಂಗಿನ ತುದಿ ಖಾಲಿ ಗೋಡೆಯ ಕಡೆಗೆ ಇರುವಂತೆ ನೋಡಿಕೊಂಡರು. ನಮ್ಮಿಬ್ಬರನ್ನೂ ಬದಿಗೆ ಸರಿಸಿದರು. ಕೆಲಸ ಕಲಿಯುತ್ತಿದ್ದ ಹುಡುಗನನ್ನು ಹೊರಗೆ ಕಳುಹಿಸಿದರು. ತಾವು ಕೆಲಸ ಕಲಿತ ಗ್ಯಾರೇಜಿನಲ್ಲಿ ಒಮ್ಮೆ ಸ್ಪ್ರಿಂಗೊಂದು ಹಾರಿ ಛಾವಣಿಯ ಶೀಟನ್ನು ತೂತುಮಾಡಿಕೊಂಡು ಹೋದುದನ್ನು ಹೇಳಿದರು. “ಅವತ್ತು ಅಲ್ಲಿ ಯಾರ ತಲೇನೂ ಇರಲಿಲ್ಲ, ಅಷ್ಟೇ. ಅವತ್ತಿಂದ ನಾನು ದಿನಾ ಇದಕ್ಕೆ ಹೆದರ್ತೀನಿ. ಹೆದರಿದ್ದಕ್ಕೇ ಹತ್ತು ಬೆರಳೂ ಇದಾವೆ” ಎಂದು ನಕ್ಕು ಕೈ ತೋರಿಸಿದರು.

ಸ್ಪ್ರಿಂಗಿನ ತುದಿ ಅದರ ತಟ್ಟೆಯಲ್ಲಿರುವ ಗುಳಿಗೆ ಸರಿಯಾಗಿ ಕೂರಬೇಕೆಂಬುದನ್ನು ಮಗನಿಗೆ ಬೆರಳಿಟ್ಟು ತೋರಿಸಿದರು. ನಡುವಿನ ನಟ್ಟನ್ನು ಬಿಗಿಯುವಾಗ ಹೊಳೆಯುವ ಕೊಂತದ ಕಡ್ಡಿಯನ್ನು ಇಕ್ಕಳದಿಂದ ಹಿಡಿಯಬಾರದು. ಅದರ ಮೇಲೆ ಬಿದ್ದ ಒಂದು ಗೀರು ಎಣ್ಣೆ ಸೋರಲು ದಾರಿಯಾಗುತ್ತದೆ ಎಂದೂ ವಿವರಿಸಿದರು. ಒಂದು ಗಂಟೆಗಿಂತ ಕಡಿಮೆ ಅವಧಿಯಲ್ಲಿ ಎರಡೂ ಸಿದ್ಧವಾದವು. ಅವರು ಕೇಳಿದ ಕೂಲಿ, ನಾವು ಬೇಕರಿಯಲ್ಲಿ ಒಂದು ಹುಟ್ಟುಹಬ್ಬದ ಕೇಕಿಗೆ ಕೊಡುವಷ್ಟೂ ಇರಲಿಲ್ಲ.

ಉಳಿದುದನ್ನು ಅಪ್ಪ ಮಗ ಸಂಜೆಯೊಳಗೆ ಮುಗಿಸಿದೆವು. ಮೊದಲು ಎಲ್ಲ ಬೋಲ್ಟುಗಳನ್ನೂ ಕೈಯಿಂದ ಕೂರಿಸಿ, ಗುರುತಿಗೆ ಹೊಂದಿಸಿ, ಬಳಿಕ ಕೈಪಿಡಿಯಲ್ಲಿ ಸೂಚಿಸಿದ ಬಿಗಿತಕ್ಕೆ ತಂದೆವು. ಬ್ರೇಕ್ ಕೊಳವೆಯನ್ನು ತಿರುಚಿಕೊಳ್ಳದಂತೆ ಮರಳಿ ಸಿಕ್ಕಿಸಿದೆವು. ಸೋಮವಾರ ವೀಲ್ ಅಲೈನ್‌ಮೆಂಟ್ ಮಾಡಿಸಿದೆವು. ಎಷ್ಟೇ ಎಚ್ಚರದಿಂದ ಗುರುತಿಟ್ಟಿದ್ದರೂ ಅದನ್ನು ಬಿಡುವಂತಿಲ್ಲ, ಬಿಟ್ಟರೆ ಹೊಸ ಟಯರುಗಳೂ ಓರೆಯಾಗಿ ಸವೆಯುತ್ತವೆ. ಕಾರು ಈಗ ಹಂಪನ್ನು ಏರಿ ಇಳಿದು ಸುಮ್ಮನಾಗುತ್ತದೆ. ಅಮ್ಮ ಹೆಚ್ಚೇನೂ ಹೇಳಲಿಲ್ಲ. ಮರುವಾರ ದಾರಿಯುದ್ದಕ್ಕೂ ನಿದ್ದೆ ಮಾಡಿದರು. ಮೆಕ್ಯಾನಿಕ್ಕಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇನ್ನೇನು ಬೇಕು?

‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ನಮ್ಮ ಹಿರಿಯರು ಹೇಳಿದರು. ತನ್ನ ಕೈಯಿಂದ ದುಡಿದು ಕಲಿಯುವುದು ಮನೆಯ ಮಕ್ಕಳಿಗೆ ನಾವು ಕೊಡಬಹುದಾದ ಒಳ್ಳೆಯ ಶಿಕ್ಷಣ. ಆದರೆ ಕೈ ಹಾಕುವುದೊಂದು ಕಲೆಯಾದರೆ, ಕೈ ಹಿಂತೆಗೆಯುವುದು ಇನ್ನೊಂದು ಕಲೆ. ಎರಡನೆಯದನ್ನು ಕಲಿಸುವ ಶಾಲೆಗಳು ಕಡಿಮೆ. ‘ಎಲ್ಲವನ್ನೂ ನೀನೇ ಮಾಡಬಲ್ಲೆ’ ಎಂದು ಇಂದಿನ ಮಕ್ಕಳಿಗೆ ಎಲ್ಲ ದಿಕ್ಕಿನಿಂದಲೂ ಹೇಳುತ್ತಿದ್ದೇವೆ. ಹತ್ತು ನಿಮಿಷದ ವಿಡಿಯೋದಲ್ಲಿ ಸ್ಪ್ರಿಂಗು ಸುಲಭವಾಗಿ ಕುಗ್ಗುತ್ತದೆ. ಆ ಕೈಗಳ ಹಿಂದಿರುವ ಇಪ್ಪತ್ತು ವರ್ಷಗಳ ಅಭ್ಯಾಸವೂ, ಇಪ್ಪತ್ತು ವರ್ಷಗಳ ಭಯವೂ ಪರದೆಯ ಮೇಲೆ ಕಾಣುವುದಿಲ್ಲ. ಅರ್ಧ ಕೆಲಸವನ್ನು ತಾನು ಮಾಡಿ, ಅಪಾಯದ ಅರ್ಧವನ್ನು ಬಲ್ಲವರ ಕೈಗೊಪ್ಪಿಸಿದರೆ ಸ್ವಾಭಿಮಾನಕ್ಕೆ ಕುಂದಿಲ್ಲ. ಅಷ್ಟಕ್ಕೂ ಆ ಕಾರಿನಲ್ಲಿ ಕುಳಿತುಕೊಳ್ಳುವವರು ನಮ್ಮ ಸ್ವಾಭಿಮಾನವನ್ನಲ್ಲ, ನಮ್ಮ ಎಚ್ಚರವನ್ನು ನಂಬಿ ಕುಳಿತಿರುತ್ತಾರೆ.

ಕೈಗೆ ಗ್ರೀಸು ಮೆತ್ತಿಕೊಂಡವನಿಗೆ ಮಾತ್ರ ತಿಳಿಯುವ ಇನ್ನೊಂದು ಸತ್ಯವಿದೆ. ತುಕ್ಕು ಹಿಡಿದ ಒಂದು ಬೋಲ್ಟು ಒಂದು ಗಂಟೆಯನ್ನು ನುಂಗಬಲ್ಲದು. ಗ್ಯಾರೇಜಿನ ಬಿಲ್ಲಿನಲ್ಲಿ ಅದು ಒಂದೇ ಸಾಲು. ಗ್ಯಾರೇಜಿನವರೆಲ್ಲ ಮೋಸಗಾರರೆಂದು ಸಲೀಸಾಗಿ ಹೇಳುವ ನಾವು, ಕಾರಿನಡಿಯಲ್ಲಿ ಬೆನ್ನಿಟ್ಟು ಮಲಗುವ ಹುಡುಗನ ತಲೆಯ ಮೇಲೆ ಎಷ್ಟು ಭಾರ ತೂಗುತ್ತಿರುತ್ತದೆ ಎಂದು ಎಂದಾದರೂ ಯೋಚಿಸಿದ್ದೇವೆಯೇ? ಅವನ ಅಡಿಗೆ ಗಟ್ಟಿ ಸ್ಟ್ಯಾಂಡು ಇಟ್ಟಿದ್ದಾರೆಯೇ ಎಂದು ಕೇಳುವ ಹಕ್ಕು ಬಿಲ್ಲು ಕೊಡುವ ನಮಗಿದೆ; ಕೇಳುವ ಕರ್ತವ್ಯವೂ ಇದೆ.

ಈ ಭಾನುವಾರ ಕಾರು ತೊಳೆಯುವಾಗ ಮುಂದಿನ ಚಕ್ರಗಳ ಹಿಂದೆ ಒಮ್ಮೆ ಟಾರ್ಚ್ ಹಿಡಿದು ನೋಡಿ. ಕಪ್ಪಾದ ಎಣ್ಣೆಯ ಪದರ ಕಂಡರೆ ತಡಮಾಡಬೇಡಿ. ಏನೂ ಕಾಣದಿದ್ದರೆ, ನಿಮ್ಮ ಕಾರಿನಲ್ಲಿ ಅಪರೂಪಕ್ಕೆ ಹತ್ತುವ ಹಿರಿಯರೊಬ್ಬರನ್ನು ಕೇಳಿ. ಕುಲುಕಿಗೆ ಇನ್ನೂ ಹೊಂದಿಕೊಳ್ಳದವರು ಅವರು; ಅವರ ಬೆನ್ನು ಸತ್ಯ ಹೇಳುತ್ತದೆ.